ತಾತನ ತಾತ ಸಿಕ್ಕಿದ್ದು ಪಹಣಿಯಲ್ಲಿ

ತಾತನ ಹೆಸರು ಗೊತ್ತು, ಊರು ಹಾಸನ ಜಿಲ್ಲೆಯಲ್ಲಿ, ನೀವಿರುವುದು ಪುಣೆಯಲ್ಲಿ. ಅದಕ್ಕಿಂತ ಹಿಂದಿನವರನ್ನು ಆನ್‌ಲೈನ್‌ನಲ್ಲಿ ಹುಡುಕಬಹುದಾ, ವಿದೇಶದ ವಂಶಾವಳಿ ಸೈಟುಗಳಿಗೆ ದುಡ್ಡು ಕಟ್ಟಬೇಕಾ ಅಂತ ಕೇಳಿದ್ದೀರಿ. ನಾನು ಮಂಡ್ಯ ಕಡೆಯವನು. ಆರು ವರ್ಷದಿಂದ ಬಿಡುವು ಸಿಕ್ಕಾಗಲೆಲ್ಲ ನಮ್ಮ ಮನೆತನದ ಹಿಂದಿನವರನ್ನು ಹುಡುಕುತ್ತಿದ್ದೇನೆ. ನನಗೆ ಗೊತ್ತಾದದ್ದನ್ನು ಹೇಳುತ್ತೇನೆ.

ದುಡ್ಡು ಈಗಲೇ ಕಟ್ಟಬೇಡಿ. ಆ ಸೈಟುಗಳು ಕೆಟ್ಟವು ಅಂತಲ್ಲ. ಅವು ಬಹುಮಟ್ಟಿಗೆ ನಿಂತಿರುವುದು ಆಯಾ ದೇಶದ ಜನಗಣತಿಯ ಮೇಲೆ. ಅಮೆರಿಕದವರು 1950ರ ಜನಗಣತಿಯ ಮನೆಮನೆ ಹಾಳೆಗಳನ್ನು, ಇಂಗ್ಲೆಂಡಿನವರು 1921ರದ್ದನ್ನು ಹೆಸರು, ವಯಸ್ಸು ಸಮೇತ ಎಲ್ಲರಿಗೂ ತೆರೆದಿಟ್ಟಿದ್ದಾರೆ. ನಮ್ಮ ಜನಗಣತಿಯಿಂದ ನಮಗೆ ಸಿಗುವುದು ಲೆಕ್ಕ ಮಾತ್ರ, ಹೆಸರುಗಳಲ್ಲ. ನಮ್ಮ ಹಿರಿಯರ ಹೆಸರು ಜಾಸ್ತಿ ಉಳಿದಿರುವುದು ಜಮೀನಿನ ಕಾಗದದಲ್ಲಿ. ಕಂದಾಯ ಕಟ್ಟುವವನು ಯಾರು, ಅವನು ಯಾರ ಮಗ ಅನ್ನುವುದು ಸರ್ಕಾರಕ್ಕೆ ಬೇಕಿತ್ತು. ಹಾಗಾಗಿ ಬರೆದಿಟ್ಟರು.

ಮೊದಲು ಕಂದಾಯ ಇಲಾಖೆಯ ಭೂಮಿ ಜಾಲತಾಣಕ್ಕೆ ಹೋಗಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಆಮೇಲೆ ಸರ್ವೆ ನಂಬರ್ ಕೊಟ್ಟರೆ ಪಹಣಿ, ಅಂದರೆ ಜಮೀನು ಯಾರದು ಅಂತ ತೋರಿಸುವ ದಾಖಲೆ, ಬರುತ್ತದೆ. ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಊರಲ್ಲಿರುವ ಯಾರಾದರೂ ನೆಂಟರಿಗೆ ಹೇಳಿ. ಹೊಲದಲ್ಲಿ ನಿಂತು ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ಅದೇ ನಂಬರ್ ತೋರಿಸುತ್ತದೆ. ಜಮೀನು ಯಾವತ್ತೋ ಮಾರಿಹೋಗಿದ್ದರೂ ಪರವಾಗಿಲ್ಲ. ನಮಗೆ ಬೇಕಿರುವುದು ಅದರ ಹಿಂದಿನ ಕಥೆ ತಾನೇ.

ಪಹಣಿಯಲ್ಲಿ 9ನೇ ಕಾಲಂ ನೋಡಿ. ಖಾತೆದಾರರ ಹೆಸರು ‘ಇಂಥವರು ಬಿನ್ ಇಂಥವರು’ ಅಂತ ಇರುತ್ತದೆ. ಬಿನ್ ಅಂದರೆ ಅವರ ಮಗ. ಒಂದು ‘ಬಿನ್’ ಸಿಕ್ಕರೆ ಒಂದು ತಲೆಮಾರು ಹಿಂದೆ ಹೋದಂತೆ. ಪಕ್ಕದ 10ನೇ ಕಾಲಂನಲ್ಲಿ ಆ ಜಮೀನು ಅವರಿಗೆ ಹೇಗೆ ಬಂತು ಅಂತ ಇರುತ್ತದೆ: ಕ್ರಯ, ವಿಭಾಗ, ಪೌತಿ. ಜೊತೆಗೆ ಒಂದು ಎಂ.ಆರ್. (ಖಾತೆ ಬದಲಾವಣೆ ದಾಖಲೆ) ನಂಬರ್. ಪೌತಿ ಅಂತ ಇದ್ದರೆ ಬಿಡಲೇಬೇಡಿ. ಖಾತೆದಾರ ತೀರಿಕೊಂಡು ವಾರಸುದಾರರ ಹೆಸರಿಗೆ ಬದಲಾಗಿದೆ ಅಂತ ಅರ್ಥ. ಆ ಎಂ.ಆರ್. ಪ್ರತಿ ತೆಗೆಸಿದರೆ ತೀರಿಕೊಂಡವರು ಯಾರು, ಜಮೀನು ಯಾರ ಯಾರ ಹೆಸರಿಗೆ ಹೋಯಿತು ಅನ್ನುವುದು ಒಂದೇ ಕಡೆ ಸಿಗುತ್ತದೆ.

ಭೂಮಿ ಜಾಲತಾಣದಲ್ಲಿ ನೀವು ಹಿಂದೆ ಹೋಗಬಹುದಾದದ್ದು ಸುಮಾರು 2000ದವರೆಗೆ. ಪಹಣಿ ಕಂಪ್ಯೂಟರಿಗೆ ಬಂದದ್ದೇ ಆಗ. ಅದಕ್ಕೂ ಹಿಂದಿನ ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ (ಜಮೀನುಗಳ ಸೂಚಿ), ಆರ್.ಆರ್. (ಹಕ್ಕು ದಾಖಲೆ) ಎಲ್ಲ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿವೆ. 2024ರಿಂದ ಭೂ ಸುರಕ್ಷಾ ಯೋಜನೆಯಲ್ಲಿ ಇವನ್ನೆಲ್ಲ ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ತಾಲ್ಲೂಕಿನಲ್ಲಿ ಎಲ್ಲಿಗೆ ಬಂದಿದೆ ಅಂತ ಒಮ್ಮೆ ವಿಚಾರಿಸಿ.

ನಾನು ಅರ್ಜಿ ಕೊಟ್ಟು ನಮ್ಮೂರಿನ ಒಂದು ಸರ್ವೆ ನಂಬರಿನ 1960ರ ದಶಕದ ಪಹಣಿ ತೆಗೆಸಿದೆ. ಅಂಚು ಹರಿದ ಹಾಳೆಯ ಜೆರಾಕ್ಸು. ಒಂದೇ ಸರ್ವೆ ನಂಬರ್ ನಾಲ್ಕು ಹಿಸ್ಸಾ ಆಗಿತ್ತು. ಹಿಸ್ಸಾ ಅಂದರೆ ಸಾಮಾನ್ಯವಾಗಿ ಅಣ್ಣತಮ್ಮಂದಿರು ಭಾಗ ಮಾಡಿಕೊಂಡದ್ದು. ಮೂರರಲ್ಲಿದ್ದ ಹೆಸರುಗಳು ನಮಗೆ ಗೊತ್ತಿದ್ದವೇ. ನಾಲ್ಕನೆಯದರಲ್ಲಿ ನಮ್ಮ ಮನೆಯಲ್ಲಿ ಯಾರೂ ಕೇಳಿರದ ಒಂದು ಹೆಸರು. ಆದರೆ ‘ಬಿನ್’ ಆದಮೇಲೆ ಇದ್ದದ್ದು ನಾಲ್ಕರಲ್ಲೂ ಒಂದೇ. ನಮ್ಮ ಮುತ್ತಾತನ ಅಪ್ಪನ ಹೆಸರು ನಮಗೆ ಗೊತ್ತಾದದ್ದು ಹಾಗೆ, ಮುತ್ತಾತನಿಗೆ ಇನ್ನೊಬ್ಬ ತಮ್ಮ ಇದ್ದ ಅಂತ ಗೊತ್ತಾದದ್ದೂ ಹಾಗೆ. ಆತ ಹೆಂಡತಿಯ ಊರಿಗೆ ಹೋಗಿ ನೆಲೆ ನಿಂತಿದ್ದನಂತೆ. ಆ ಊರಿಗೆ ಹೋದೆ. ಜಗಲಿ ಮೇಲೆ ಕೂತಿದ್ದ ಅಜ್ಜಿ ನನ್ನ ಕೈ ಹಿಡಿದುಕೊಂಡು ‘ನೀನು ದೊಡ್ಡಮನೆ ಮಗನಾ’ ಅಂದರು. ಮೂರು ತಲೆಮಾರು ಮಾತಿಲ್ಲದೆ ಕಳೆದಿದ್ದೆವು. ಅವರ ಮನೆಯಲ್ಲಿ ನಮ್ಮ ಮನೆಗೆ ಇನ್ನೂ ದೊಡ್ಡಮನೆ ಅಂತಲೇ ಹೆಸರು.

ಹೆಣ್ಣುಮಕ್ಕಳನ್ನು ಹುಡುಕುವುದು ಕಷ್ಟ. ಇದು ನನಗೆ ತುಂಬ ನೋವು ಕೊಡುವ ವಿಷಯ. ಗಂಡ ತೀರಿಕೊಂಡ ಮೇಲೆ ಖಾತೆ ಹೆಂಡತಿಗೆ ಬಂದಿದ್ದರೆ ‘ಇಂಥವರು ಕೋಂ ಇಂಥವರು’ ಅಂತ ಇರುತ್ತದೆ. ಕೋಂ ಅಂದರೆ ಅವರ ಹೆಂಡತಿ. ಅಲ್ಲಿ ಅವರ ತಂದೆಯ ಹೆಸರೂ ಇಲ್ಲ, ತವರೂ ಇಲ್ಲ. ಮದುವೆಯಾಗಿ ಹೋದ ಅಕ್ಕತಂಗಿಯರು ಹಳೆ ಕಾಗದದಲ್ಲಿ ಕಾಣುವುದೇ ಅಪರೂಪ. ಅಜ್ಜಿಯ ತವರು ಯಾವ ಊರು ಅನ್ನುವುದನ್ನು ಈಗಿರುವ ಹಿರಿಯರನ್ನೇ ಕೇಳಬೇಕು. ಅವರು ಹೋದರೆ ಅದೂ ಹೋಯಿತು. ಊರು ಗೊತ್ತಾದರೆ ಆ ಊರಿನ ಪಹಣಿಯಲ್ಲಿ ಅವರ ಅಣ್ಣತಮ್ಮಂದಿರನ್ನು ಹುಡುಕಿ.

ನಿಮ್ಮವರು ಗೇಣಿಗೆ ಉಳುತ್ತಿದ್ದರಾ? ಹಾಗಿದ್ದರೆ ಹಳೆ ಪಹಣಿಯ 9ನೇ ಕಾಲಂನಲ್ಲಿ ಅವರ ಹೆಸರಿರುವುದಿಲ್ಲ. ಸಾಗುವಳಿ ಯಾರದು ಅನ್ನುವ 12ನೇ ಕಾಲಂ ನೋಡಿ. 1974ರ ಭೂ ಸುಧಾರಣೆ ತಿದ್ದುಪಡಿ ಬಂದಮೇಲೆ ಗೇಣಿದಾರರು ಉಳುವ ಜಮೀನು ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಭೂ ನ್ಯಾಯಮಂಡಳಿಗೆ ಫಾರಂ 7 ಅರ್ಜಿ ಕೊಟ್ಟರು. ಆ ಕಡತ ಸಿಕ್ಕರೆ ಅದರಲ್ಲೂ ಹೆಸರುಗಳು ಸಿಗುತ್ತವೆ. ಜಮೀನೇ ಇಲ್ಲದ ಮನೆಗಳಿಗೆ ಈ ದಾರಿ ಇಲ್ಲ. ಅವರಿಗೆ ಶಾಲೆಯ ದಾಖಲಾತಿ ಪುಸ್ತಕ, ಮತದಾರರ ಪಟ್ಟಿಗಳೇ ಗತಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ 2002ರ ಪಟ್ಟಿ ಇದೆ. ಮನೆ ನಂಬರ್, ತಂದೆ ಅಥವಾ ಗಂಡನ ಹೆಸರು, ವಯಸ್ಸು ಎಲ್ಲ ಇರುತ್ತದೆ. ಆಗ 80 ವರ್ಷ ಆಗಿದ್ದವರು 1922ರ ಸುಮಾರಿಗೆ ಹುಟ್ಟಿದವರು, ಅಲ್ವಾ? ಅವರ ತಂದೆಯ ಹೆಸರೂ ಅಲ್ಲೇ ಸಿಕ್ಕಿತು ಅಂದರೆ ಎಷ್ಟು ಹಿಂದೆ ಹೋದಿರಿ ನೋಡಿ.

ಹಾಸನ ಹಳೆ ಮೈಸೂರಿನಲ್ಲಿತ್ತು, ಹಾಗಾಗಿ ನಿಮಗೆ ಹಳೆ ಕಾಗದವೂ ಕನ್ನಡದಲ್ಲೇ ಸಿಗುತ್ತದೆ. ಇದು ದೊಡ್ಡ ಅನುಕೂಲ. 1956ಕ್ಕೆ ಮುಂಚೆ ಮುಂಬೈ ಪ್ರಾಂತ್ಯದಲ್ಲಿದ್ದ ಕಡೆ ಮರಾಠಿಯ ಹಳೆ ಮೋಡಿ ಲಿಪಿ, ಹೈದರಾಬಾದಿನಲ್ಲಿದ್ದ ಕಡೆ ಉರ್ದು ಎದುರಾಗುತ್ತದೆ. ನನ್ನ ಹೆಂಡತಿಯ ತವರು ಬೆಳಗಾವಿ ಕಡೆ. ಅಲ್ಲಿ ಪಹಣಿಗೆ ಉತಾರ ಅನ್ನುತ್ತಾರೆ. ಅವರ ಮನೆಯ ಹಳೆ ಕಾಗದದಲ್ಲಿ ನನಗೆ ಒಂದಕ್ಷರ ಓದಲು ಬರಲಿಲ್ಲ. ಆದರೆ ಅವರಿಗೆ ಹೆಳವರಿದ್ದಾರೆ. ಸುಗ್ಗಿ ಮುಗಿದ ಮೇಲೆ ಮನೆಮನೆಗೆ ಬಂದು, ಆ ಮನೆತನದ ಹಿರಿಯರ ಹೆಸರುಗಳನ್ನು ಸಾಲಾಗಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕದಲ್ಲಿ ಬರೆದುಕೊಂಡು, ದವಸ ಪಡೆದು ಹೋಗುತ್ತಾರೆ. ನಮ್ಮ ಮಾವನವರ ಮನೆಗೆ ಬಂದಾಗ ನಾನೂ ಕೂತು ಕೇಳಿದೆ. ನಾನು ಇಷ್ಟು ವರ್ಷದಲ್ಲಿ ಕಂಡುಕೊಂಡದ್ದಕ್ಕಿಂತ ಜಾಸ್ತಿ ಹೆಸರುಗಳನ್ನು ಅವರು ಒಂದು ಗಂಟೆಯಲ್ಲಿ ಹೇಳಿದರು. ನಿಮ್ಮ ನೆಂಟರಲ್ಲಿ ಉತ್ತರ ಕರ್ನಾಟಕದವರಿದ್ದರೆ ಅವರ ಮನೆಗೆ ಹೆಳವರು ಬರುತ್ತಾರಾ ಅಂತ ಖಂಡಿತ ಕೇಳಿ.

ವಿದೇಶದ ಸೈಟುಗಳಲ್ಲಿ ಫ್ಯಾಮಿಲಿಸರ್ಚ್ ಪೂರ್ತಿ ಉಚಿತ. ಹರಿದ್ವಾರದ ಪಂಡಾಗಳು, ಅಂದರೆ ಅಲ್ಲಿನ ಪುರೋಹಿತರು, ಯಾತ್ರಿಕರ ವಂಶ ಬರೆದಿಟ್ಟ ವಹಿಗಳ ಚಿತ್ರಗಳೂ ಅದರಲ್ಲಿವೆ. ನಿಮ್ಮ ಹಿರಿಯರು ಕಾಶಿಯಾತ್ರೆ, ಹರಿದ್ವಾರ ಅಂತ ಹೋಗಿದ್ದರೆ ಮಾತ್ರ ನೋಡಿ. ಯಾರಾದರೂ ಸೈನ್ಯದಲ್ಲಿದ್ದು ಮಹಾಯುದ್ಧದಲ್ಲಿ ತೀರಿಕೊಂಡಿದ್ದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಜಾಲತಾಣದಲ್ಲಿ ಹೆಸರು ಹುಡುಕಬಹುದು. ಕೆಲವರ ಮುಂದೆ ತಂದೆಯ ಹೆಸರು, ಊರೂ ಇರುತ್ತದೆ. ಊರಿನ ಬಗ್ಗೆ ಆಸಕ್ತಿ ಇದ್ದರೆ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟ ಇಂಟರ್‌ನೆಟ್ ಆರ್ಕೈವ್‌ನಲ್ಲಿದೆ. ಪೂರ್ತಿ ಹಾಸನ ಜಿಲ್ಲೆಯ ಶಾಸನಗಳೇ.

ಒಂದು ತಪ್ಪು ನಾನು ಮಾಡಿದೆ, ನೀವು ಮಾಡಬೇಡಿ. ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ ಇಡುತ್ತಾರೆ. ರಂಗಪ್ಪ ಬಿನ್ ತಿಮ್ಮಪ್ಪ, ತಿಮ್ಮಪ್ಪ ಬಿನ್ ರಂಗಪ್ಪ, ಮತ್ತೆ ರಂಗಪ್ಪ ಬಿನ್ ತಿಮ್ಮಪ್ಪ ಅಂತ ಹೋಗುತ್ತದೆ. ನಾನು ತಾತ, ಮೊಮ್ಮಗ ಇಬ್ಬರನ್ನೂ ಒಬ್ಬರೇ ಅಂದುಕೊಂಡು ಒಂದು ವರ್ಷ ತಪ್ಪು ಮರವನ್ನೇ ಬೆಳೆಸಿದೆ. ಪ್ರತಿ ಹೆಸರಿನ ಮುಂದೆ ಯಾವ ವರ್ಷದ ಕಾಗದ ಅಂತ ಬರೆದುಕೊಳ್ಳಿ. ಮತ್ತೆ, ಬದುಕಿರುವವರ ಹುಟ್ಟಿದ ದಿನ, ತಾಯಿಯ ಹೆಸರು ಇವನ್ನೆಲ್ಲ ಯಾವ ಸೈಟಿನಲ್ಲೂ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ.

ಪಹಣಿ ತೆಗೆಸುವ ಮುಂಚೆ ಊರಲ್ಲಿರುವವರಿಗೆ ಒಂದು ಮಾತು ಹೇಳಿಬಿಡಿ. ನಾನು ಹೇಳದೆ ತೆಗೆಸಿದ್ದಕ್ಕೆ ನಮ್ಮ ಚಿಕ್ಕಪ್ಪ, ಭಾಗ ಕೇಳೋಕೆ ಬಂದಿದ್ದಾನೆ ಅಂದುಕೊಂಡು ಎರಡು ತಿಂಗಳು ಮಾತು ಬಿಟ್ಟಿದ್ದರು. ಆಮೇಲೆ ಮರ ಬರೆದ ದೊಡ್ಡ ಹಾಳೆಯನ್ನು ಅವರ ಮುಂದೆ ಹರಡಿದೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಚಿಕ್ಕಂದಿನಲ್ಲೇ ತೀರಿಕೊಂಡ ತಮ್ಮ ಅಕ್ಕನ ಹೆಸರು ಅದರಲ್ಲಿ ಇಲ್ಲ ಅಂತ ಹೇಳಿ, ಪೆನ್ನು ತಗೊಂಡು ತಾವೇ ಬರೆದರು.