ಅಪ್‌ಗ್ರೇಡ್ ಆದ ಮೇಲೆ ಲಿನಕ್ಸ್‌ನಲ್ಲಿ ಸೌಂಡ್ ಬರ್ತಿಲ್ಲ, ಎಲ್ಲಿಂದ ಹುಡುಕಬೇಕು?

ಅಪ್‌ಗ್ರೇಡ್ ಆದ ಕೂಡಲೇ ಸೌಂಡ್ ನಿಂತಿದೆ ಅಂದರೆ ಹಾರ್ಡ್‌ವೇರ್ ಕೆಟ್ಟಿರುವ ಸಾಧ್ಯತೆ ತೀರಾ ಕಡಿಮೆ. ಸುಮ್ನೆ ಇಡೀ ಸಿಸ್ಟಮ್ ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ.

ಮೊದಲು ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ನೋಡಿ. ಎಷ್ಟೋ ಸಲ ಅದು ಎಚ್‌ಡಿಎಂಐಗೆ ಬದಲಾಗಿರುತ್ತದೆ, ಸ್ಪೀಕರ್ ಆರಿಸಿದರೆ ಸಾಕು. ಸ್ಪೀಕರ್ ಆರಿಸಿದರೂ ಸದ್ದಿಲ್ಲವಾದರೆ ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ (alsamixer, ಸದ್ದಿನ ಮಟ್ಟ ಹೊಂದಿಸುವ ಪ್ರೋಗ್ರಾಂ) ತೆರೆದು, ಎಫ್6 ಒತ್ತಿ ಸರಿಯಾದ ಸೌಂಡ್ ಕಾರ್ಡ್ ಆರಿಸಿ. ‘ಎಂಎಂ’ ಅಂತ ಕಂಡರೆ ಮ್ಯೂಟ್ ಆಗಿದೆ ಎಂದರ್ಥ. ಎಂ ಕೀ ಒತ್ತಿ.

ಸೌಂಡ್ ಸೆಟ್ಟಿಂಗ್ಸ್‌ನ ಔಟ್‌ಪುಟ್ ಪಟ್ಟಿಯಲ್ಲಿ ‘ಡಮ್ಮಿ ಔಟ್‌ಪುಟ್’ ಒಂದೇ ಇದೆಯಾ? ಹಾಗಾದರೆ ಸೌಂಡ್ ಸರ್ವರ್‌ಗೆ (ಆ್ಯಪ್‌ಗಳ ಸದ್ದನ್ನು ಕಾರ್ಡ್‌ಗೆ ತಲುಪಿಸುವ ಪ್ರೋಗ್ರಾಂ) ಕಾರ್ಡೇ ಸಿಕ್ಕಿಲ್ಲ. ಇಲ್ಲೇ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು. ಫೆಡೋರಾ 34 ಮತ್ತು ಉಬುಂಟು 22.10ರಿಂದ ಪಲ್ಸ್‌ಆಡಿಯೊ ಎಂಬ ಹಳೆಯ ಸೌಂಡ್ ಸರ್ವರ್ ಜಾಗಕ್ಕೆ ಪೈಪ್‌ವೈರ್ ಬಂದಿದೆ. ಹಳೆಯ ಆವೃತ್ತಿಯಿಂದ ಬಂದ ಸಿಸ್ಟಮ್‌ನಲ್ಲಿ ಎರಡೂ ಉಳಿದು ಒಂದೇ ಕಾರ್ಡ್‌ಗೆ ಕಿತ್ತಾಡಬಹುದು. ಇಲ್ಲವೇ ವೈರ್‌ಪ್ಲಂಬರ್ ಕಾಣೆಯಾಗಿರಬಹುದು. ಪೈಪ್‌ವೈರ್ ತಾನಾಗಿ ಕಾರ್ಡ್‌ಗಳನ್ನು ಜೋಡಿಸುವುದಿಲ್ಲ, ಆ ಕೆಲಸ ವೈರ್‌ಪ್ಲಂಬರ್‌ನದು. ಅದು ಇನ್‌ಸ್ಟಾಲ್ ಆಗಿದೆಯೇ ನೋಡಿ, ಪೈಪ್‌ವೈರ್, ವೈರ್‌ಪ್ಲಂಬರ್ ಎರಡನ್ನೂ ರೀಸ್ಟಾರ್ಟ್ ಮಾಡಿ. ಇವು ನಿಮ್ಮ ಲಾಗಿನ್‌ನ ಸರ್ವಿಸ್‌ಗಳು, ಹಾಗಾಗಿ ಸುಡೊ (ಅಡ್ಮಿನ್ ಆಗಿ ಕಮಾಂಡ್ ನಡೆಸುವುದು) ಬಳಸಬೇಡಿ. ವೈರ್‌ಪ್ಲಂಬರ್ ಉಳಿಸಿಟ್ಟ ಹಳೆಯ ಸೆಟ್ಟಿಂಗ್ ಅಳಿಸಿ ನೋಡುವುದೂ ಒಳ್ಳೆಯದು.

ಇಷ್ಟಾದರೂ ಆಗದಿದ್ದರೆ ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ (ಲಿನಕ್ಸ್‌ನ ತಿರುಳು) ಆರಿಸಿ ಬೂಟ್ ಮಾಡಿ. ಅಲ್ಲಿ ಸೌಂಡ್ ಬಂದರೆ ತೊಂದರೆ ಹೊಸ ಕರ್ನಲ್ ಕಡೆಯದು ಅಂತ ಗೊತ್ತಾಯಿತಲ್ವಾ? ಇತ್ತೀಚಿನ ಇಂಟೆಲ್ ಲ್ಯಾಪ್‌ಟಾಪ್ ಆದರೆ ಸೌಂಡ್ ಓಪನ್ ಫರ್ಮ್‌ವೇರ್ (ಸೌಂಡ್ ಚಿಪ್ ನಡೆಸುವ ಸಾಫ್ಟ್‌ವೇರ್) ಪ್ಯಾಕೇಜ್ ಇದೆಯೇ ಎಂದು ತಪ್ಪದೆ ನೋಡಿ.