ತಟ್ಟೆಯ ಕರಕರಕ್ಕೆ ಹೆದರಬೇಡಿ, ಮೇಷ್ಟ್ರೇ

ತಿಪಟೂರಿನಿಂದ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ಬರೆಯುತ್ತಾರೆ:

“ಮಾನ್ಯ ಸಂಪಾದಕರೇ, ಕೆಲವು ಸಂಚಿಕೆಗಳಿಂದ ನಿಮ್ಮ ಪತ್ರಿಕೆಯಲ್ಲಿ ಹಳೆಯ ವೀಣೆ, ಪಿಟೀಲು, ಕೊಳಲು, ನಾಗಸ್ವರದ ಧ್ವನಿಮುದ್ರಿಕೆಗಳ ಬಗ್ಗೆ ಪುಟಗಟ್ಟಲೆ ಬರುತ್ತಿದೆ. ಸಾಹಿತ್ಯವಿಲ್ಲದ ಸಂಗೀತ ನನ್ನಂಥ ಸಾಮಾನ್ಯ ಕೇಳುಗನಿಗೆ ಉಪ್ಪಿಲ್ಲದ ಸಾರು. ಅದರ ಮೇಲೆ ಆ ಕರಕರ ಸದ್ದು ಬೇರೆ. ವಾದ್ಯ ಕೇಳಲೇಬೇಕೆಂದರೆ ಎದುರು ಕೂತು ಕಛೇರಿ ಕೇಳಬೇಕು. ಹೋದವರ ರೆಕಾರ್ಡಿಗಿಂತ ಇರುವವರ ಕಛೇರಿ ಮೇಲಲ್ಲವೇ? ಆ ಪುಟಗಳನ್ನು ದಯವಿಟ್ಟು ಗಾಯಕರಿಗೆ ಕೊಡಿ.”

ಮೇಷ್ಟ್ರೇ, ನಿಮ್ಮ ಕಾಗದ ಓದಿ ನಮ್ಮ ಸಂಪಾದಕೀಯ ಬಳಗದಲ್ಲೇ ಒಬ್ಬಿಬ್ಬರು ಒಳಗೊಳಗೇ ಖುಷಿಪಟ್ಟರು. ಆ ಪುಟಗಳ ಮೇಲೆ ಅವರಿಗೂ ಕಣ್ಣಿತ್ತು. ಆದ್ದರಿಂದ ಈ ಉತ್ತರ ನಿಮಗೆಷ್ಟೋ ಅವರಿಗೂ ಅಷ್ಟೇ.

ಮೊದಲು ನಿಮ್ಮ ಪಾಲಿನದನ್ನು ಕೊಟ್ಟುಬಿಡುತ್ತೇನೆ. ದಾಸರ ಪದವನ್ನು ವೀಣೆಯಲ್ಲಿ ಕೇಳುವಾಗ ಪದ ಬಾಯಿಗೆ ಬರುವವನಿಗೆ ದಕ್ಕುವಷ್ಟು ಬಾರದವನಿಗೆ ದಕ್ಕುವುದಿಲ್ಲ. ಎದುರು ಕೂತು ಕೇಳುವ ಸುಖಕ್ಕೆ ಸಮ ಇನ್ನೊಂದಿಲ್ಲ ಎನ್ನುವುದೂ ನಿಜ. ಒಪ್ಪಿದೆ.

ಈಗ ನನ್ನ ಮಾತು ಕೇಳಿ. ಪದವನ್ನೂ ಅದರ ಸಂಗೀತವನ್ನೂ ತಾನೇ ಕಟ್ಟುವ ವಾಗ್ಗೇಯಕಾರ ಕೃತಿ ಬಿಟ್ಟುಹೋಗುತ್ತಾನೆ. ಗಾಯಕನ ಪಾಠವೂ ಶಿಷ್ಯರ ಗಂಟಲಲ್ಲಿ ಅಷ್ಟಿಷ್ಟು ಉಳಿಯುತ್ತದೆ, ಪುಸ್ತಕದಲ್ಲಿ ಸ್ವರಲಿಪಿ ಇರುತ್ತದೆ, ಪದವಂತೂ ಮನೆಮನೆಯ ಅಡುಗೆಮನೆಯಲ್ಲಿ ಬದುಕಿರುತ್ತದೆ. ವಾದಕ ಏನು ಬಿಟ್ಟುಹೋಗುತ್ತಾನೆ? ಮೀಟಿನ ತೂಕ, ಒಂದು ಮೀಟಿನ ನಾದ ಆರುವ ಮುನ್ನ ತಂತಿಯನ್ನು ಎಷ್ಟು ಎಳೆದ ಎಂಬುದು, ಕಮಾನು ಎಲ್ಲಿ ತಿರುಗಿತು, ಉಸಿರು ಎಲ್ಲಿ ತುಂಡಾಯಿತು. ಇದನ್ನು ಬರೆದಿಡುವ ಲಿಪಿ ನಮ್ಮಲ್ಲಿಲ್ಲ. ಧ್ವನಿಮುದ್ರಣ ಆಗಲಿಲ್ಲವೋ, ಮುಗಿಯಿತು. ಹಾಗಾಗಿ ನೀವು ಬೇಡವೆನ್ನುವ ಆ ಕರಕರ ಗ್ರಾಮಫೋನ್ ತಟ್ಟೆ ಗಾಯಕನಿಗಿಂತ ವಾದಕನಿಗೆ ಹೆಚ್ಚು ಬೇಕು. ಇದು ನನ್ನ ಹಳೆಯ ಹಠ. ನನ್ನ ಜೊತೆ ಕೆಲಸ ಮಾಡಿದವರೆಲ್ಲ ಇದನ್ನು ಕೇಳಿ ಕೇಳಿ ದಣಿದಿದ್ದಾರೆ.

ನಮ್ಮ ವೈಣಿಕ ದೊರೆಸ್ವಾಮಿ ಅಯ್ಯಂಗಾರ್ಯರನ್ನೇ ತೆಗೆದುಕೊಳ್ಳಿ. 1920ರಲ್ಲಿ ಹಾಸನ ಜಿಲ್ಲೆಯ ಗಡ್ಡವಳ್ಳಿಯಲ್ಲಿ ಹುಟ್ಟಿ, ವೀಣೆ ವೆಂಕಟಗಿರಿಯಪ್ಪನವರಲ್ಲಿ ಪಾಠವಾಗಿ, ಬೆಂಗಳೂರು ಆಕಾಶವಾಣಿಯಲ್ಲಿ ಕೆಲಸ ಮಾಡಿ, 1997ರಲ್ಲಿ ತೀರಿಕೊಂಡವರು. ಮದರಾಸಿನ ಎಸ್. ಬಾಲಚಂದರ್ ಇವರಿಗಿಂತ ಏಳು ವರ್ಷ ಚಿಕ್ಕವರು, ಗುರುವಿಲ್ಲದೆ ತಾವಾಗಿ ವೀಣೆ ಕಲಿತವರು. ಇಬ್ಬರ ರೆಕಾರ್ಡುಗಳನ್ನೂ ಒಂದರ ಹಿಂದೊಂದು ಹಾಕಿ ಕೇಳಿ. ಬಾಲಚಂದರ್ ವೀಣೆಯ ದಂಡಿಯ ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದೆಳೆದು ಸ್ವರದ ಮೇಲೆ ಸ್ವರ ತೆಗೆಯುತ್ತಾರೆ. ಮುಂದಿನದು ಬರುತ್ತದೋ ತಂತಿ ಹರಿಯುತ್ತದೋ ಎಂದು ಜೀವ ಕೈಯಲ್ಲಿ ಹಿಡಿದು ಕೂರಬೇಕು. ಅಯ್ಯಂಗಾರ್ಯರದು ಇದಕ್ಕೆ ತದ್ವಿರುದ್ಧ: ಹಗುರವಾದ ಮೀಟು, ಬಿಡಿಬಿಡಿಯಾಗಿ ಮುತ್ತಿನಂಥ ಸ್ವರ, ಎಲ್ಲೂ ಗಡಿಬಿಡಿಯಿಲ್ಲ. ತಾನ, ಅಂದರೆ ಲಯ ಹಿಡಿದು ರಾಗವನ್ನು ಬಿಡಿಸುವ ಭಾಗ, ಶುರುವಾದಾಗ ಬಲಗೈ ತಾಳದ ತಂತಿಗಳನ್ನು ತಾಗುವ ಆ ಲೆಕ್ಕಾಚಾರ ಮೈಸೂರಿನದೇ. ಇಬ್ಬರೂ ನುಡಿಸುತ್ತಿರುವ ಕೃತಿಯ ಸ್ವರಲಿಪಿ ಒಂದೇ ಇರಬಹುದು. ಪುಸ್ತಕ ನೋಡಿ ಇವರಾರು ಅವರಾರು ಎಂದು ಹೇಳಬಲ್ಲಿರಾ? ವೈಣಿಕರನ್ನು ಹೊಗಳುವಾಗ “ಹಾಡಿದ ಹಾಗೇ ನುಡಿಸಿದರು” ಎನ್ನುವುದು ನಮ್ಮ ಕಡೆಯ ರೂಢಿ. ನನಗೆ ಅದು ಅರ್ಧ ಬೈಗುಳದಂತೆ ಕೇಳುತ್ತದೆ. ಆ ತಾನವನ್ನು ಯಾವ ಗಂಟಲಾದರೂ ಹಾಗೇ ಹಾಡಲಿ ನೋಡೋಣ.

ಲಿಪಿಯಲ್ಲಿ ಎಲ್ಲವನ್ನೂ ಬರೆದಿಡುವ ಪಾಶ್ಚಾತ್ಯರಿಗೂ ಈ ಕಷ್ಟ ತಪ್ಪಿದ್ದಲ್ಲ. ಜರ್ಮನಿಯ ಸಂಗೀತ ರಚನಕಾರ ಬಾಖ್ ಸುಮಾರು 1720ರ ಹೊತ್ತಿಗೆ ಚೆಲ್ಲೊ ಎಂಬ ದೊಡ್ಡ ಪಿಟೀಲಿನಂಥ ವಾದ್ಯ ಒಂಟಿಯಾಗಿ ನುಡಿಸಲೆಂದು ಆರು ಸೂಟ್‌ಗಳನ್ನು, ಅಂದರೆ ಬಿಡಿ ರಚನೆಗಳ ಮಾಲೆಗಳನ್ನು, ಬರೆದ. ಅವನ ಕೈಬರಹದ ಪ್ರತಿ ಸಿಕ್ಕಿಲ್ಲ. ಉಳಿದ ನಕಲುಗಳಲ್ಲಿ ಕಮಾನಿನ ಗುರುತುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಇನ್ನೂರು ವರ್ಷ ಅವು ಹೆಚ್ಚಾಗಿ ಕೈ ಪಳಗಿಸುವ ಅಭ್ಯಾಸದ ಪಾಠವಾಗಿ ಬಿದ್ದಿದ್ದವು. ಪಾಬ್ಲೊ ಕಸಾಲ್ಸ್ ಎಂಬ ಹುಡುಗನಿಗೆ ಹದಿಮೂರನೆಯ ವಯಸ್ಸಿನಲ್ಲಿ ಬಾರ್ಸಿಲೋನಾದ ಹಳೆಯ ಅಂಗಡಿಯೊಂದರಲ್ಲಿ ಅವುಗಳ ಪ್ರತಿ ಸಿಕ್ಕಿತು. ಸಭೆಯ ಮುಂದೆ ನುಡಿಸುವ ಧೈರ್ಯ ಬರಲು ಅವನಿಗೆ ಹನ್ನೆರಡು ವರ್ಷ ಬೇಕಾಯಿತು. ರೆಕಾರ್ಡ್ ಮಾಡಿದ್ದು 1936ರಿಂದ 1939ರ ನಡುವೆ, ಅರವತ್ತರ ಆಸುಪಾಸಿನಲ್ಲಿ. ಕಮಾನು ತಂತಿಗೆ ಕೆರೆಯುವುದು, ಅಲ್ಲಲ್ಲಿ ಶ್ರುತಿ ಒಂದು ಕೂದಲೆಳೆ ಆಚೀಚೆ ಆಗುವುದು, ಎಲ್ಲ ಆ ತಟ್ಟೆಗಳಲ್ಲಿವೆ. ಆದರೂ ಇವತ್ತು ಚೆಲ್ಲೊ ಹಿಡಿದ ಪ್ರತಿಯೊಬ್ಬರೂ ಆ ತಟ್ಟೆಗಳ ಋಣದಲ್ಲಿದ್ದಾರೆ.

ಇನ್ನು ನನ್ನ ಹೊಟ್ಟೆಯುರಿಯ ವಿಷಯ, ಅದು ನಮ್ಮ ಮೈಸೂರಿನದೇ. ಜಯಚಾಮರಾಜ ಒಡೆಯರ್ ಪಿಯಾನೊ ಬಲ್ಲವರು, ರೆಕಾರ್ಡುಗಳ ದೊಡ್ಡ ಸಂಗ್ರಹ ಇಟ್ಟವರು. ನಿಕೊಲಾಯ್ ಮೆಟ್ನರ್ ಎಂಬ ರಷ್ಯಾದ ಪಿಯಾನೊವಾದಕ, ಸಂಗೀತ ರಚನಕಾರ, ಲಂಡನ್ನಿನಲ್ಲಿ ಕಾಯಿಲೆ, ಬಡತನ, ಮರೆವುಗಳ ನಡುವೆ ಬದುಕುತ್ತಿದ್ದ. 1940ರ ದಶಕದ ಕೊನೆಯಲ್ಲಿ ಮಹಾರಾಜರು ಹಣ ಕೊಟ್ಟು ಅವನ ಕೃತಿಗಳನ್ನು ಅವನ ಕೈಯಲ್ಲೇ ನುಡಿಸಿ ರೆಕಾರ್ಡ್ ಮಾಡಿಸಿದರು. ಎಚ್‌ಎಂವಿ ಕಂಪನಿ ಅವನ್ನು ಸಂಪುಟಗಳಾಗಿ ತಂದಿತು. ಕೃತಜ್ಞತೆಗೆ ಅವನು ವಾದ್ಯವೃಂದದ ಜೊತೆ ನುಡಿಸುವ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ತೀರಿಕೊಂಡ. ಇವತ್ತು ಮೆಟ್ನರ್ ತನ್ನ ಸಂಗೀತವನ್ನು ತಾನೇ ಹೇಗೆ ನುಡಿಸುತ್ತಿದ್ದ ಎಂದು ಜಗತ್ತಿಗೆ ಗೊತ್ತಿರುವುದು ಕನ್ನಡ ನಾಡಿನ ದುಡ್ಡಿನಿಂದ. ಹೆಮ್ಮೆಪಡಿ, ನಾನೂ ಪಡುತ್ತೇನೆ. ಆದರೆ ಅದೇ ಮಹಾರಾಜರಿಗೆ ವೀಣೆ ಹೇಳಿಕೊಟ್ಟ ವೆಂಕಟಗಿರಿಯಪ್ಪನವರು ಅದೇ ಊರಿನಲ್ಲಿ 1952ರವರೆಗೂ ಇದ್ದರಲ್ಲ! ಮೆಟ್ನರನಿಗೆ ಬಂದ ಹಾಗೆ ಅವರಿಗೆ ಸಂಪುಟದ ಮೇಲೆ ಸಂಪುಟ ಬರಲಿಲ್ಲ. ಪ್ರಭುಗಳನ್ನು ದೂರಿ ಪ್ರಯೋಜನವಿಲ್ಲ. ಕೈಗೆಟಕುವಂತೆ ಇರುವುದನ್ನು ನಾಳೆ ನೋಡಿಕೊಂಡರಾಯಿತು ಎನ್ನುವ ಅಭ್ಯಾಸ ಅರಮನೆಗೆ ಮಾತ್ರ ಇದ್ದದ್ದಲ್ಲ.

ಕರಕರದ ಬಗ್ಗೆ ಎರಡು ಮಾತು. ನಿಮಿಷಕ್ಕೆ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ. ನಾಗಸ್ವರದಲ್ಲಿ ರಾತ್ರಿಯಿಡೀ ತೋಡಿ ರಾಗ ಊದಬಲ್ಲ ಟಿ.ಎನ್. ರಾಜರತ್ನಂ ಪಿಳ್ಳೆಯಂಥವರನ್ನು ಅಷ್ಟರೊಳಗೆ ಕೂರಿಸಬೇಕಿತ್ತು. ಆ ತೋಡಿಯ ತಟ್ಟೆ ಕೇಳಿ. ಅವಸರದ ಸುಳಿವೂ ಇಲ್ಲ. 1948ರಲ್ಲಿ ಎಲ್‌ಪಿ ಎಂಬ ನಿಧಾನ ತಿರುಗುವ ತಟ್ಟೆ ಬಂದ ಮೇಲೆ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಮೇಲೆ ಸಿಕ್ಕಿತು. 1955ರಲ್ಲಿ ಸರೋದ್ ವಾದಕ ಅಲಿ ಅಕ್ಬರ್ ಖಾನ್ ಅಮೆರಿಕದಲ್ಲಿ ಒಂದು ಕಡೆ ಸಿಂಧು ಭೈರವಿ, ಇನ್ನೊಂದು ಕಡೆ ಪಿಲೂ ನುಡಿಸಿ ಎಲ್‌ಪಿ ಮಾಡಿದರು. ತಬಲಾಕ್ಕೆ ಚತುರ್ ಲಾಲ್, ಪರಿಚಯದ ಮಾತಿಗೆ ಪಾಶ್ಚಾತ್ಯ ಪಿಟೀಲುಗಾರ ಯೆಹೂದಿ ಮೆನುಹಿನ್. ಅದೇ ಸರೋದಿನ ಸೆಳೆತಕ್ಕೆ ಸಿಕ್ಕಿ ನಮ್ಮ ರಾಯಚೂರಿನ ರಾಜೀವ ತಾರಾನಾಥರು ಇಂಗ್ಲಿಷ್ ಮೇಷ್ಟ್ರ ಕೆಲಸವನ್ನೇ ಬಿಟ್ಟರು. ನಿಮ್ಮ ವೃತ್ತಿಬಾಂಧವರು, ನೋಡಿ! 2024ರಲ್ಲಿ ತೀರಿಕೊಳ್ಳುವವರೆಗೂ ಗುರುವಿನ ಮಾತೆತ್ತಿದರೆ ಅವರ ದನಿ ಬದಲಾಗುತ್ತಿತ್ತು.

ಸಾಹಿತ್ಯ ಬೇಕು ಎಂದಿರಿ. ನಿಮ್ಮ ವಯಸ್ಸಿನವರು 1977ರಲ್ಲಿ ‘ಸನಾದಿ ಅಪ್ಪಣ್ಣ’ ನೋಡದೆ ಬಿಟ್ಟಿರಲಾರಿರಿ. ರಾಜ್‌ಕುಮಾರ್ ಕೈಯಲ್ಲಿ ಶಹನಾಯಿ, ಅದರೊಳಗಿನ ಉಸಿರು ಬಿಸ್ಮಿಲ್ಲಾ ಖಾನರದು. ಟಾಕೀಸಿನಲ್ಲಿ ಕೂತು ಕಣ್ಣೊರೆಸಿಕೊಂಡವರು ಆ ಹೊತ್ತು ಯಾವ ಸಾಹಿತ್ಯ ಕೇಳಿದ್ದರು? ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆಯಿಟ್ಟು ಖಾನ್ ಸಾಹೇಬರ ರಾಗದ ರೆಕಾರ್ಡು ತಂದವರು ಮಾತ್ರ ಕಡಿಮೆ.

“ಎದುರು ಕೂತು ಕೇಳಬೇಕು” ಎನ್ನುವ ನಿಮ್ಮ ಮಾತಿಗೆ ಬರುತ್ತೇನೆ. ಎಲ್ಲಿ ಕೇಳುವುದು, ಸ್ವಾಮಿ? ರಾಮನವಮಿಯ ಪೆಂಡಾಲುಗಳ ಕಾರ್ಯಕ್ರಮ ಪಟ್ಟಿ ತೆಗೆದು ನೋಡಿ. ಸಂಜೆಯ ಮುಖ್ಯ ಕಛೇರಿ ಹೆಚ್ಚಿನಂಶ ಗಾಯಕರದ್ದೇ. ವಾದ್ಯಕ್ಕೆ ನಾಲ್ಕೂವರೆ ಗಂಟೆಯ ಬಿಸಿಲು, ಮುಂದಿನ ಸಾಲಿನಲ್ಲಿ ಸಂಘಟಕರ ಮನೆಯವರು. ಮದುವೆಮನೆಯಲ್ಲಿ ನಾಗಸ್ವರದವರು ಜೀವ ಹಿಂಡಿ ರಾಗಾಲಾಪನೆ ಮಾಡುತ್ತಿದ್ದರೆ ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ’ ಎಂದುಬಿಡುತ್ತಾರೆ. ಆಲಾಪನೆ ಅಲ್ಲಿಗೇ ಸತ್ತಿತು. ತಿರುಮಕೂಡಲಿನ ಚೌಡಯ್ಯನವರ ಕಥೆ ಗೊತ್ತಲ್ಲ? ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಲೆಂದು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಗೆ ಏರಿಸಿದವರು. ಅಂಥ ಕೈ ಆಯುಷ್ಯದ ಬಹುಪಾಲನ್ನು ದೊಡ್ಡ ದೊಡ್ಡ ಗಾಯಕರ ಪಕ್ಕದಲ್ಲಿ ಕೂತು ಕಳೆಯಿತು. 1957ರಲ್ಲಿ ಮದರಾಸು ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು. ತೀರಿಕೊಂಡ ಮೇಲೆ ಬೆಂಗಳೂರಿನಲ್ಲಿ ಅವರ ಹೆಸರಿಗೆ ಪಿಟೀಲಿನ ಆಕಾರದ ಸಭಾಂಗಣವನ್ನೇ ಕಟ್ಟಿದೆವು. ಅದರೊಳಗೆ ತನಿ ಪಿಟೀಲು ಎಷ್ಟು ಸಲ ಕೇಳಿಸುತ್ತದೆ, ಶಾಲಾ ವಾರ್ಷಿಕೋತ್ಸವ ಎಷ್ಟು ಸಲ ನಡೆಯುತ್ತದೆ ಎಂದು ಮಲ್ಲೇಶ್ವರದವರನ್ನು ಕೇಳಿ.

ಧಾರವಾಡ ಎಂದರೂ ಅಷ್ಟೇ. ನೀವೂ ನಾನೂ ಗಾಯಕರ ಹೆಸರುಗಳನ್ನು ಗಾಯತ್ರಿ ಮಂತ್ರದಂತೆ ಒಪ್ಪಿಸುತ್ತೇವೆ. ಸಿತಾರ್ ರತ್ನ ರಹಿಮತ್ ಖಾನರು ಅದೇ ಊರಿನಲ್ಲಿ ಸಿತಾರಿನ ಮನೆತನ ಕಟ್ಟಿದರು, ಮೊಮ್ಮಗ ಬಾಲೇ ಖಾನರು 2007ರವರೆಗೆ ನುಡಿಸಿದರು, ಮನೆಯ ಮುಂದಿನ ಪೀಳಿಗೆ ಈಗಲೂ ನುಡಿಸುತ್ತಿದೆ. ಈ ಹೆಸರು ಪಟ್ಟಿಯ ಕೊನೆಗಾದರೂ ಬರುತ್ತದೆಯೇ?

ಇರುವವರ ಕಡೆ ನನಗೆ ಅಸಡ್ಡೆಯಿಲ್ಲ. ಜಯಂತಿ ಕುಮರೇಶ್ ಅವರ ವೀಣೆ, ಮೈಸೂರು ನಾಗರಾಜ್–ಮಂಜುನಾಥ್ ಸೋದರರ ಪಿಟೀಲು, ಪ್ರವೀಣ್ ಗೋಡ್ಖಿಂಡಿಯವರ ಬಾನ್ಸುರಿ, ಇವೆಲ್ಲ ಹುಡುಕಿದರೆ ಇವತ್ತೇ ಸಿಗುತ್ತವೆ. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಸ್ಯಾಕ್ಸೊಫೋನ್ ನುಡಿಸಿದ ಕದ್ರಿ ಗೋಪಾಲನಾಥರು ಹೋಗಿ ಇನ್ನೂ ಬಹಳ ಕಾಲವಾಗಿಲ್ಲ. ನನ್ನ ತಕರಾರು ಅವರ ವಾದನವನ್ನು ನಮ್ಮ ಕಿವಿಗೆ ಮುಟ್ಟಿಸುವವರ ಮೇಲೆ. ವೀಣೆಗೆ ಪಿಕಪ್ ಸಿಕ್ಕಿಸಿ ಗಿಟಾರಿನ ದನಿ ತೆಗೆಯುತ್ತಾರೆ, ಹಿಂದೆ ಕೀಬೋರ್ಡಿನ ಹೊಗೆ ಎಬ್ಬಿಸುತ್ತಾರೆ, ಬಾವಿಯೊಳಗೆ ಕೂತು ನುಡಿಸಿದಷ್ಟು ಪ್ರತಿಧ್ವನಿ ತುಂಬುತ್ತಾರೆ. ಕೊನೆಗೆ ಮೊಬೈಲಿನಲ್ಲಿ ಅದಕ್ಕೆ ‘ನಿದ್ರೆಗಾಗಿ ವೀಣೆ’ ಎಂದು ಹೆಸರಿಡುತ್ತಾರೆ. ಯಾವ ರಾಗ, ಮೃದಂಗ ಯಾರದ್ದು, ಯಾವ ವರ್ಷದ್ದು, ಒಂದಕ್ಷರ ಇರುವುದಿಲ್ಲ. ಹಳೆಯ ಎಲ್‌ಪಿಯ ರಟ್ಟಿನ ಹಿಂಬದಿಯಲ್ಲಿ ಓದಿ ಕಲಿತದ್ದೇ ಎಷ್ಟೋ ಇತ್ತು. ಹಲ್ಲಿನ ಆಸ್ಪತ್ರೆಯಲ್ಲಿ, ಬ್ಯಾಂಕಿನ ಫೋನು ಕಾಯಿಸುವಾಗ, ಹೋಟೆಲಿನಲ್ಲಿ ದೋಸೆ ಬರುವ ತನಕ ವಾದ್ಯಸಂಗೀತ ಇದ್ದೇ ಇರುತ್ತದೆ, ಯಾರೂ ಕೇಳಬಾರದೆಂಬ ಷರತ್ತಿನ ಮೇಲೆ. ಹೀಗೆ ಬಳಸಿ ಬಳಸಿ ನಿಮ್ಮಂಥ ಸೂಕ್ಷ್ಮ ಕಿವಿಯವರನ್ನೂ ಕೆಡಿಸಿದ್ದಾರೆ. ನಿಮ್ಮ ಕಾಗದದ ಮೇಲೆ ನನಗೆ ಸಿಟ್ಟು ಬಾರದೆ ಇರುವುದು ಅದಕ್ಕೇ.

ನನ್ನ ವಾದಕ್ಕೆ ಎದುರಾಗಿ ನಿಲ್ಲಬಲ್ಲವರು ಒಬ್ಬರಿದ್ದಾರೆ, ನಿಮ್ಮ ಪರವಾಗಿ ನಾನೇ ಹೇಳಿಬಿಡುತ್ತೇನೆ. ಅಲಿ ಅಕ್ಬರ್ ಖಾನರ ತಂಗಿ ಅನ್ನಪೂರ್ಣಾ ದೇವಿ. ಸಿತಾರಿಗಿಂತ ದೊಡ್ಡದಾದ, ಗಂಭೀರ ದನಿಯ ಸುರ್‌ಬಹಾರ್‌ನಲ್ಲಿ ಅವರಿಗೆ ಸಾಟಿಯಿಲ್ಲವೆಂದು ಕೇಳಿದವರೆಲ್ಲ ಹೇಳಿದರು. ಸಭೆಯಲ್ಲಿ ನುಡಿಸುವುದನ್ನು ಬಿಟ್ಟರು, ರೆಕಾರ್ಡಿಗೆ ಒಪ್ಪಲಿಲ್ಲ, 2018ರಲ್ಲಿ ತೀರಿಕೊಳ್ಳುವವರೆಗೂ ಮನೆಯೊಳಗೆ ಪಾಠ ಹೇಳಿದರು. ಹೊರಗೆ ಓಡಾಡುತ್ತಿರುವ ಮಾಂಝ್ ಖಮಾಜ್, ಕೌಂಸಿ ಕಾನಡಾ ಮೊದಲಾದ ರಾಗಗಳ ಬೆರಳೆಣಿಕೆಯ ಧ್ವನಿಮುದ್ರಣಗಳು ಕದ್ದು ಮಾಡಿದವೆಂದು ಹೇಳುತ್ತಾರೆ. ಕೇಳಬಾರದು ಎಂದುಕೊಳ್ಳುತ್ತೇನೆ, ಆಮೇಲೆ ಕೇಳುತ್ತೇನೆ. ಆಕೆಯ ಹಕ್ಕು ದೊಡ್ಡದೋ ನನ್ನ ಕಿವಿಯ ಆಸೆ ದೊಡ್ಡದೋ ಎಂದು ನ್ಯಾಯ ಹೇಳಲು ಕೂತರೆ ನಾನು ಸೋಲುತ್ತೇನೆ. ಆದರೆ ಬೇಡವೆಂದವರು ಅವರೊಬ್ಬರೇ. ವೆಂಕಟಗಿರಿಯಪ್ಪನವರ ಪೀಳಿಗೆಯ ಉಳಿದವರು ಬೇಡವೆಂದದ್ದಲ್ಲ, ಕೇಳಿದವರಿರಲಿಲ್ಲ.

ಲೇಖನಮಾಲೆ ಮುಂದುವರಿಯುತ್ತದೆ. ಮುಂದಿನ ಸಂಚಿಕೆಯಲ್ಲಿ ಟಿ.ಆರ್. ಮಹಾಲಿಂಗಂ, ಅಂದರೆ ಮಾಲಿ. ಕೊಳಲಿನಲ್ಲಿ ಬೆರಳಿಡುವ, ಊದುವ ಕ್ರಮಗಳನ್ನೇ ಬದಲಿಸಿ ಅದಕ್ಕೆ ಗಮಕ, ಅಂದರೆ ಸ್ವರದ ಬಳುಕು, ಕಲಿಸಿದ, ಕಛೇರಿಯ ನಡುವೆ ಎದ್ದುಹೋಗುವುದಕ್ಕೂ ಅಷ್ಟೇ ಹೆಸರಾಗಿದ್ದ ಆ ಪುಣ್ಯಾತ್ಮರ ಕೊಳಲನ್ನು ನಡುವೆ ಎದ್ದುಹೋಗುವ ಭಯವಿಲ್ಲದೆ ಕೇಳಬಹುದಾದ್ದು ರೆಕಾರ್ಡಿನಲ್ಲಿ ಮಾತ್ರ. ಇದನ್ನೂ ನಿಮ್ಮ ಪರಿಶೀಲನೆಗೆ ಸಲ್ಲಿಸಿದ್ದೇನೆ.

ಕೊನೆಗೊಂದು ಕೋರಿಕೆ, ನಿಮಗೂ ಉಳಿದ ಓದುಗರಿಗೂ. ತಿಪಟೂರು, ಅರಸೀಕೆರೆ, ಹಾಸನದ ಕಡೆ ಗಣಪತಿ ಉತ್ಸವಗಳಲ್ಲಿ ದೊಡ್ಡ ವಾದಕರು ನುಡಿಸಿ ಹೋಗಿದ್ದಾರೆ. ಟೇಪ್ ರೆಕಾರ್ಡರ್ ಹೊತ್ತು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಒಬ್ಬ ಮಾವನೋ ಚಿಕ್ಕಪ್ಪನೋ ಎಷ್ಟೋ ಮನೆಗಳಲ್ಲಿ ಇದ್ದರು. ಆ ಕ್ಯಾಸೆಟ್ಟುಗಳು ಅಟ್ಟದ ಮೇಲಿದ್ದರೆ ಇಳಿಸಿ, ಬಿಸಿಲಿಗೆ ಮಾತ್ರ ಇಡಬೇಡಿ. ಬೂಷ್ಟು ಹಿಡಿದಿದ್ದರೆ ನೀವೇ ಹಾಕಿ ನೋಡಲು ಹೋಗದೆ ಬಲ್ಲವರ ಕೈಗೆ ಕೊಡಿ. ಮೇಲೆ ಊರು, ವರ್ಷ, ಪಕ್ಕವಾದ್ಯದವರ ಹೆಸರು ಬರೆಯಿರಿ. ಮೋರ್ಸಿಂಗ್‌ನವರದ್ದೂ ಸೇರಿಸಿ.

— ಸಂ.