ಓದುಗರ ಪ್ರಶ್ನೆ: ‘ಮಾರ್ಕೆಟ್ ರೇಟ್’ ಎಂಬ ಉತ್ತರದಾಚೆ

ಪ್ರಶ್ನೆ: ಪೀಣ್ಯದ ಸಣ್ಣ ಮಷೀನ್ ಶಾಪ್‌ಗಳು ದರ ನಿಗದಿ ಮಾಡುವ ಬಗೆಯನ್ನು ಪೋಸ್ಟ್-ಕೇನ್ಸಿಯನ್ ನೆಲೆಯಿಂದ, ಅಂದರೆ ದರವನ್ನು ಬೇಡಿಕೆ-ಪೂರೈಕೆಗಿಂತ ವೆಚ್ಚ ಮತ್ತು ಅದರ ಮೇಲೆ ಸೇರಿಸುವ ಲಾಭದಿಂದ ವಿವರಿಸುವ ಅರ್ಥಶಾಸ್ತ್ರದ ಪಂಥದ ನೆಲೆಯಿಂದ, ಅಧ್ಯಯನ ಮಾಡುತ್ತಿದ್ದೇನೆ. ಯಾರನ್ನು ಕೇಳಿದರೂ ‘ಮಾರ್ಕೆಟ್ ರೇಟ್’ ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಏನು ಮಾಡಲಿ?

ಉತ್ತರ: ‘ದರ ಹೇಗೆ ನಿಗದಿ ಮಾಡುತ್ತೀರಿ’ ಎಂದು ಕೇಳಿದರೆ ಬರುವುದು ಅದೇ ಉತ್ತರ. ಅದರ ಬದಲು ಇತ್ತೀಚೆಗೆ ಕಳಿಸಿದ ಒಂದು ಕೊಟೇಶನ್ ತೆಗೆಸಿ, ಸಾಲುಸಾಲಾಗಿ ಕೇಳಿ. ಕಚ್ಚಾಮಾಲಿಗೆ ಎಷ್ಟು ಹಿಡಿದಿರಿ? ಬಾಡಿಗೆ, ಕರೆಂಟು, ಬಡ್ಡಿಯನ್ನು ತಿಂಗಳಿಗೆ ಎಷ್ಟು ಗಂಟೆ ಕೆಲಸವೆಂದು ಲೆಕ್ಕ ಹಾಕಿ ಹಂಚಿದಿರಿ? ಲಾಭ ಎಷ್ಟು ಸೇರಿಸಿದಿರಿ? ಇದರಲ್ಲಿ ಗಂಟೆಯ ಪ್ರಶ್ನೆಯನ್ನು ಬಿಡಲೇಬೇಡಿ. ಆರ್ಡರ್ ಕಡಿಮೆಯಾದ ತಿಂಗಳಲ್ಲೂ ಅಷ್ಟೇ ಗಂಟೆಗಳಿಂದ ಭಾಗಿಸುತ್ತಾರಾದರೆ, ಬೇಡಿಕೆ ಕುಸಿದರೂ ದರ ಏಕೆ ಅಲುಗುವುದಿಲ್ಲ ಎಂಬುದರ ಸುಳಿವು ಸಿಕ್ಕಿತು. ಉಕ್ಕು ಏರಿದಾಗ ಎಷ್ಟು ದಿನಕ್ಕೆ ದರ ಬದಲಾಯಿತು, ಇಳಿದಾಗ ಬದಲಾಯಿತೇ ಎಂಬುದನ್ನೂ ಕೇಳಿ.

ಈ ದಾರಿಗೆ ಹಳೆಯ ಬೇರಿದೆ. ಆಕ್ಸ್‌ಫರ್ಡ್‌ನ ಅರ್ಥಶಾಸ್ತ್ರಜ್ಞರಾದ ಹಾಲ್ ಮತ್ತು ಹಿಚ್ 38 ಉದ್ಯಮಿಗಳ ಸಂದರ್ಶನ ಆಧರಿಸಿ 1939ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಹೆಚ್ಚಿನವರು ಪೂರ್ತಿ ವೆಚ್ಚದ ಮೇಲೆ ವಾಡಿಕೆಯ ಲಾಭ ಸೇರಿಸುತ್ತಿದ್ದರು. ಪಠ್ಯಪುಸ್ತಕ ಹೇಳುವಂತೆ ಸೀಮಾಂತ ವೆಚ್ಚವನ್ನು (ಇನ್ನೊಂದು ನಗ ತಯಾರಿಸಲು ತಗಲುವ ಹೆಚ್ಚುವರಿ ವೆಚ್ಚ) ಸೀಮಾಂತ ಆದಾಯಕ್ಕೆ (ಅದನ್ನು ಮಾರಿದರೆ ಬರುವ ಹೆಚ್ಚುವರಿ ಆದಾಯ) ಸರಿದೂಗಿಸುವ ಲೆಕ್ಕ ಅವರದಾಗಿರಲಿಲ್ಲ. ಉದ್ಯಮಿಗಳು ಹೇಳುವುದೇ ಬೇರೆ, ಮಾಡುವುದೇ ಬೇರೆ ಇರಬಹುದೆಂದು ಅರ್ಥಶಾಸ್ತ್ರಜ್ಞ ಫ್ರಿಟ್ಜ್ ಮಖ್ಲುಪ್ 1946ರಲ್ಲಿ ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದಲೇ ಕೊಟೇಶನ್ ಜೊತೆಗೆ ಕೊನೆಯ ಬಿಲ್ಲನ್ನೂ ನೋಡಬೇಕು. ಎರಡರ ನಡುವಿನ ಅಂತರ ಚೌಕಾಸಿಯಲ್ಲಿ ಬಿಟ್ಟುಕೊಟ್ಟದ್ದು. ಯಾರಿಗೆ ಬಿಟ್ಟರು, ಏಕೆ ಬಿಟ್ಟರು ಎಂಬಲ್ಲಿ ಖರೀದಿದಾರನ ಬಲ ಕಾಣುತ್ತದೆ.

ಪ್ರಶ್ನೆ: 25 ಸಂದರ್ಶನ ಸಾಲದು ಎನ್ನುತ್ತಾರೆ ಮಾರ್ಗದರ್ಶಕರು. ಎಷ್ಟು ಬೇಕು?

ಉತ್ತರ: ಸಂಖ್ಯೆಗಿಂತ ಆಯ್ಕೆ ಮುಖ್ಯ. ಒಬ್ಬನೇ ಖರೀದಿದಾರನನ್ನು ನಂಬಿದವರು, ಹತ್ತಾರು ಪಾರ್ಟಿ ಇರುವವರು, ಸ್ವಂತ ಉತ್ಪನ್ನ ಮಾರುವವರು, ಹೀಗೆ ಪ್ರತಿ ಬಗೆಯಿಂದಲೂ ಕೆಲವರಿರಲಿ. ಬೇಡಿಕೆ ಕುಸಿದಾಗ ದರ ಇಳಿಸಿದವರನ್ನು ಹುಡುಕಿಕೊಂಡು ಹೋಗಿ. ನಿಮ್ಮ ವಿವರಣೆ ಪರೀಕ್ಷೆಗೆ ಒಡ್ಡಿಕೊಳ್ಳುವುದು ಅಲ್ಲಿ. ಒಂದು ಗಂಟೆಯ ಧ್ವನಿಮುದ್ರಣ ಬರೆದಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಅದನ್ನು ಆಯಾ ವಾರವೇ ಮುಗಿಸಿ, ಮುಂದಿನ ಪ್ರಶ್ನೆಗಳನ್ನು ಅದರಿಂದ ತಿದ್ದಿಕೊಳ್ಳಿ. ಹೊಸ ಸಂದರ್ಶನಗಳು ವಿವರಣೆಯನ್ನು ಬದಲಿಸದಿದ್ದಾಗ ನಿಲ್ಲಿಸಬಹುದು. ಆದರೆ ಪ್ರಬಂಧದಲ್ಲಿ ‘ಶೇ. 60ರಷ್ಟು ಮಾಲೀಕರು’ ಎಂದು ಬರೆಯಬೇಡಿ. ಈ ವಿಧಾನ ದರ ಹೇಗೆ ಹುಟ್ಟುತ್ತದೆಂದು ತೋರಿಸಬಲ್ಲದು, ಪೀಣ್ಯದಲ್ಲಿ ಎಷ್ಟು ಜನ ಹಾಗೆ ಮಾಡುತ್ತಾರೆಂದು ಎಣಿಸಲಾರದು.